ನನ್ನ ಮೊದಲ ಕ್ಲೈಂಟ್ ನಮ್ಮ ಮಾಮ

ಕಳೆದ ದಸರಾ ರಜೆಗೆ ಕಂಪ್ಲಿಗೆ, ಮಾಮನ ಮನೆಗೆ ಹೋಗಿದ್ದೆ. ಹಳೇ ಮಾಳಿಗೆ ಮನೆ ಅದು. ಮರದ ಕಂಬ, ಮರದ ತೊಲೆ, ಮೇಲೆ ಮಣ್ಣು. ಪಕ್ಕದ ಮನೆಯವರು ಆರ್‌ಸಿಸಿ ಮೇಲೆ ಸಿಂಟೆಕ್ಸ್ ಇಟ್ಟಿದ್ದರು. ಮಾಮನಿಗೂ ಬೇಕಿತ್ತು, ಸಾವಿರ ಲೀಟರಿಂದು.

"ಅಳಿಯ, ನೀನು ಸಿವಿಲ್ ಅಲ್ಲೇನು? ಮಾಳಿಗೆ ತಡೀತೈತಾ ನೋಡು."

ನಾನು ತಲೆಯೆತ್ತಿ ನೋಡಿದೆ. ಕಂಬವನ್ನು ಎರಡು ಸಲ ಬಡಿದೆ. ಯಾಕೆ ಬಡಿದೆ ಅಂತ ನನಗೂ ಗೊತ್ತಿಲ್ಲ. ಅತ್ತೆ, ಅಜ್ಜಿ, ತಂಗಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಏನೂ ಆಗಲ್ಲ ಮಾಮ, ಇಡಿಸಿ" ಅಂದೆ. ಮಾಮ ಅವತ್ತೇ ಟ್ಯಾಂಕಿಗೆ ಅಡ್ವಾನ್ಸ್ ಕೊಟ್ಟು ಬಂದರು.

ಮರುದಿನ ಹೊಸಪೇಟೆ ಬಸ್ಸಿನಲ್ಲಿ ಕೂತಾಗ ಲೆಕ್ಕ ಶುರುವಾಯಿತು. ಸಾವಿರ ಲೀಟರ್ ನೀರು ಅಂದ್ರೆ ಸಾವಿರ ಕೆಜಿ, ಒಂದು ಟನ್. ಅದು ಹರಡಿ ಕೂರಲ್ಲ, ಒಂದೇ ಕಡೆ ಕೂರುತ್ತದೆ. ಕೆಳಗೆ ಅಜ್ಜಿಯ ಮಂಚ. ಬೀಮ್ ಲೆಕ್ಕ ನಾನು ಮಾಡಿದ್ದೇನೆ, ನಿಜ. ಆದರೆ ಪರೀಕ್ಷೆಯಲ್ಲಿ ಉದ್ದ, ಭಾರ, ಮೆಟೀರಿಯಲ್ ಎಲ್ಲಾ ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಅಜ್ಜನ ಕಾಲದ ತೊಲೆ ಒಳಗೆ ಹೇಗಿದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಕಿಟಕಿಯಾಚೆ ಕಾಲುವೆ ನೀರಿನ ಗದ್ದೆಗಳು. ಡ್ಯಾಂ ನೆನಪಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ಆಗ ನಾನು ಸಿಇಟಿ ಸೀಟಿಗೆ ಕಾಯ್ತಾ ಮನೆಯಲ್ಲಿದ್ದೆ. ಊರಿನ ಪ್ರತಿ ಟೀ ಅಂಗಡಿಯಲ್ಲೂ ಒಬ್ಬ ಡ್ಯಾಂ ಎಕ್ಸ್‌ಪರ್ಟ್. ಮರಳಿನ ಚೀಲ ಹಾಕಿದ್ರೆ ಮುಗೀತು ಅಂತ ನಾನೂ ವಾಟ್ಸ್ಯಾಪಿನಲ್ಲಿ ಸಲಹೆ ಕೊಟ್ಟಿದ್ದೆ. ಕರೆಸಿದ್ದು ಮಾತ್ರ ಕನ್ನಯ್ಯ ನಾಯ್ಡು ಅವರನ್ನ, ಡ್ಯಾಂ ಗೇಟುಗಳ ಕೆಲಸದಲ್ಲೇ ವಯಸ್ಸಾದವರು. 60 ಅಡಿ ಅಗಲ, 20 ಅಡಿ ಎತ್ತರದ ಜಾಗಕ್ಕೆ ಐದು ತುಂಡುಗಳ ಸ್ಟಾಪ್ ಲಾಗ್. ನೀರು ಹರಿಯುತ್ತಿರುವಾಗಲೇ ಒಂದೊಂದಾಗಿ ಇಳಿಸಿ, ಆಗಸ್ಟ್ 17ಕ್ಕೆ ಮುಚ್ಚಿದರು. ವೆಲ್ಡರ್‌ಗಳು ವೆಲ್ಡಿಂಗ್ ಮಾಡಿದರು, ಕ್ರೇನಿನವರು ಕ್ರೇನ್ ನೋಡಿಕೊಂಡರು. ಅವತ್ತು ನನ್ನಂಥವರ ಮಾತನ್ನ ಯಾರಾದ್ರೂ ಕೇಳಿದ್ದರೆ ಗದ್ದೆಗಳ ಗತಿ ಏನು?

ಆದರೆ ಮಾಮ ನನ್ನ ಮಾತು ಕೇಳಿಬಿಟ್ಟಿದ್ದರು.

ನಮ್ಮ ಮನೆಗಳಲ್ಲಿ 'ಎಂಜಿನಿಯರ್' ಅಂದ್ರೆ ಎಲ್ಲಾ ಗೊತ್ತಿರೋನು. ಸಿಎಸ್‌ನವರು ಪ್ರಿಂಟರ್ ರಿಪೇರಿ ಮಾಡಬೇಕು, ಮೆಕ್ಯಾನಿಕಲ್‌ನವರು ಸೆಕೆಂಡ್ ಹ್ಯಾಂಡ್ ಬೈಕ್ ನೋಡಿ ಹೇಳಬೇಕು. ನನ್ನ ತಪ್ಪು ಬೇರೆ ಬ್ರಾಂಚಿನ ವಿಷಯ ಮಾತಾಡಿದ್ದಲ್ಲ. ನನ್ನದೇ ಬ್ರಾಂಚಿನಲ್ಲಿ, ಇನ್ನೂ ಕಲಿಯದೇ ಇರೋದನ್ನ ಕಲಿತವನ ಹಾಗೆ ಹೇಳಿದ್ದು. ಅಮೆರಿಕದ ವೃತ್ತಿಪರ ಎಂಜಿನಿಯರ್‌ಗಳ ಸಂಘ ಎನ್‌ಎಸ್‌ಪಿಇಯ ನೀತಿಸಂಹಿತೆಯಲ್ಲಿ, ತಮಗೆ ಸಾಮರ್ಥ್ಯ ಇರುವ ಕ್ಷೇತ್ರದಲ್ಲಿ ಮಾತ್ರ ಕೆಲಸ ಮಾಡಬೇಕು ಅನ್ನೋದು ಮುಖ್ಯ ನಿಯಮಗಳಲ್ಲೊಂದು. ಪಿಪಿಟಿಯಲ್ಲಿ ಓದಿದಾಗ ಇದರಲ್ಲೇನಿದೆ ಅನ್ನಿಸಿತ್ತು.

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಫೋನ್ ಮಾಡಿದೆ.

"ಮಾಮ, ಟ್ಯಾಂಕ್ ಮೇಲೆ ಇಡಿಸಬೇಡಿ."

"ಯಾಕಪ್ಪಾ, ನಿನ್ನೆ ನೀನೇ ಹೇಳಿದೆಯಲ್ಲ?"

"ಹೇಳಿದೆ. ಆದರೆ ನನಗೆ ಗೊತ್ತಿಲ್ಲ ಮಾಮ. ಗೊತ್ತಿರೋರಿಗೆ ತೋರಿಸಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಅದನ್ನ ನಿನ್ನೇನೇ ಹೇಳಿದ್ರೆ ಏನಾಗ್ತಿತ್ತು?" ಅಂದರು. ಬೈದಿದ್ದರೂ ಅಷ್ಟು ನಾಚಿಕೆ ಆಗ್ತಿರಲಿಲ್ಲ.

ಎರಡು ದಿನ ಬಿಟ್ಟು ಹಳೇ ಬಡಗಿಯೊಬ್ಬರು ಬಂದರಂತೆ. ಅವರು ನನ್ನ ಹಾಗೆ ಕಂಬ ಬಡಿಯಲಿಲ್ಲ. ಏಣಿ ಹಾಕಿ, ತೊಲೆ ಗೋಡೆಯೊಳಗೆ ಸೇರೋ ಜಾಗಕ್ಕೆ ಉಳಿ ಚುಚ್ಚಿದರು. ಹಿಟ್ಟಿನ ಹಾಗೆ ಉದುರಿತಂತೆ. ಒಳಗೆ ಗೆದ್ದಲು. ಅಜ್ಜಿಯ ಮಂಚವನ್ನ ಅವತ್ತೇ ಪಡಸಾಲೆಗೆ ಹಾಕಿದರು. ಟ್ಯಾಂಕ್ ಈಗ ಹಿತ್ತಲಿನಲ್ಲಿ, ಕಬ್ಬಿಣದ ಸ್ಟ್ಯಾಂಡ್ ಮೇಲಿದೆ. ತೊಲೆ ಬದಲಿಸೋ ಕೆಲಸ ಇನ್ನೂ ಬಾಕಿ.

'ಗೊತ್ತಿಲ್ಲ' ಅಂದ್ರೆ ಮರ್ಯಾದೆ ಹೋಗುತ್ತೆ ಅಂದುಕೊಂಡಿದ್ದೆ. ಹೋಗಲಿಲ್ಲ. ಮೊನ್ನೆ ಮಾಮ ಮತ್ತೆ ಫೋನ್ ಮಾಡಿದ್ದರು.

"ಅಳಿಯ, ಆ ಟ್ಯಾಂಕಿಗೆ ಎಷ್ಟು ಎಚ್‌ಪಿ ಮೋಟರ್ ಬೇಕು?"

ನಾಲಿಗೆ ತುದಿಗೆ ಒಂದು ನಂಬರ್ ಬಂದಿತ್ತು. ನುಂಗಿಕೊಂಡೆ.

"ಭಾನುವಾರ ಬರ್ತೀನಿ ಮಾಮ. ಮೋಟರ್ ಅಂಗಡಿಯೋರನ್ನ ಇಬ್ಬರೂ ಸೇರಿ ಕೇಳೋಣ."