ಚಹಾ ತಂದ ಹುಡುಗ

2007ರಲ್ಲಿ ಪಠ್ಯಪುಸ್ತಕ ಪ್ರಕಾಶಕರೊಬ್ಬರ ಸಭೆಗೆಂದು ಮುಂಬಯಿಗೆ ಹೋದಾಗ ಎರಡು ರಾತ್ರಿ ತಾಜ್ ಮಹಲ್ ಹೋಟೆಲಿನಲ್ಲಿ ತಂಗಿದ್ದೆನು. ಜಮ್ಷೇಟ್‌ಜಿ ಟಾಟಾ ಕಟ್ಟಿಸಿದ ಆ ಹೋಟೆಲು ತೆರೆದದ್ದು 1903ರಲ್ಲಿ. ಎದುರಿನ ಗೇಟ್‌ವೇ ಆಫ್ ಇಂಡಿಯಾ ಪೂರ್ಣಗೊಂಡದ್ದು 1924ರಲ್ಲಿ. ಹೆಬ್ಬಾಗಿಲಿಗಿಂತ ಮನೆಯೇ ಹಿರಿಯದು!

ಬೆಳಗಿನ ಚಹಾ ತಂದ ಹುಡುಗ, ನಾನು ಮನೆಗೆ ಫೋನಿನಲ್ಲಿ ಮಾತನಾಡುತ್ತಿದ್ದುದನ್ನು ಕೇಳಿ, "ಕನ್ನಡದವರಾ ಸರ್? ನಮ್ದು ಕುಂದಾಪ್ರ ಬದಿ" ಎಂದನು. ನಾನು ಶಿಕ್ಷಕನೆಂದು ತಿಳಿದೊಡನೆ, ಹತ್ತನೆಯ ತರಗತಿ ಮುಗಿಸಿದ ತಂಗಿಯನ್ನು ಮುಂದೆ ಏನು ಓದಿಸಲೆಂದು ವಿಚಾರಿಸಿದನು. ಕುಳಿತುಕೋ ಎಂದರೆ ಕುಳಿತುಕೊಳ್ಳಲಿಲ್ಲ. ನನ್ನ ಫೋನ್ ನಂಬರನ್ನು ಮಾತ್ರ ಬರೆದುಕೊಂಡನು.

2008ರ ನವೆಂಬರ್ 26ರ ರಾತ್ರಿ ಉಗ್ರರು ಆ ಹೋಟೆಲಿಗೆ ನುಗ್ಗಿದರು. 29ರ ಬೆಳಗಿನವರೆಗೂ ಟೀವಿಯಲ್ಲಿ ಉರಿಯುವ ಗುಮ್ಮಟವನ್ನು ನೋಡುತ್ತ, ಅವನ ಹೆಸರನ್ನೇ ನೆನೆಯುತ್ತಿದ್ದೆನು. ಅತಿಥಿಗಳನ್ನು ಪಾರುಮಾಡುತ್ತ ಅಲ್ಲಿಯ ಹಲವು ನೌಕರರು ಪ್ರಾಣ ತೆತ್ತರು.

ವಾರದ ಬಳಿಕ ಫೋನು ಬಂದಿತು. "ಊರಿಗೆ ಬಂದಿದ್ದೆ, ಉಳಿದೆ ಸರ್. ಹೋಟೆಲು ತೆರೆದರೆ ಮತ್ತೆ ಅಲ್ಲಿಗೇ ಹೋಗುತ್ತೇನೆ. ತಂಗಿ ಕಾಲೇಜಿಗೆ ಹೋಗುತ್ತಿದ್ದಾಳೆ."

ನನ್ನ ಹಳೆಯ ವಿದ್ಯಾರ್ಥಿಗಳೇ, ಕಂಪನಿಯ ಕೆಲಸದ ಮೇಲೆ ಇಂಥ ಹೋಟೆಲುಗಳಲ್ಲಿ ಇಳಿಯುವವರು ನಿಮ್ಮಲ್ಲಿ ಅನೇಕರು. ಚಹಾ ತಂದವನ ಹೆಸರು ಕೇಳಿ; ಸಾಧ್ಯವಾದರೆ ಊರನ್ನೂ ಕೇಳಿ.