ಪಕ್ಕದ ವಚನ

ಮಂಗಳೂರಿನ ಹಳೆಯ ಬಾಸೆಲ್ ಮಿಷನ್ ಮನೆಗಳಲ್ಲಿ ಗಂಡ ಹೆಂಡಿರ ಜಗಳಕ್ಕೂ ಅಧ್ಯಾಯ, ವಚನದ ಸಂಖ್ಯೆ ಇರುತ್ತಿತ್ತು. ನಮ್ಮ ಮನೆಯಲ್ಲಂತೂ ಯಾರೂ ದನಿ ಏರಿಸಬೇಕಾಗಿ ಬರಲಿಲ್ಲ. ಆಟಿ ತಿಂಗಳ ಮಳೆ ಹಿಡಿದು, ಅಡುಗೆಮನೆಯ ಮಾಡು ಸೋರತೊಡಗಿ, ಅಜ್ಜಿ ಬೆಳಗಿನ ಗಂಜಿಯಿಂದ ಸಂಜೆಯ ಚಹಾದವರೆಗೆ ಅದೊಂದೇ ಮಾತು ಆಡುತ್ತಿದ್ದರೆ, ಅಜ್ಜ ಕನ್ನಡಕದ ಮೇಲಿನಿಂದ ನೋಡಿ, "ಜ್ಞಾನೋಕ್ತಿ ಇಪ್ಪತ್ತೇಳು, ಹದಿನೈದು" ಎಂದು ಹೇಳಿ ಮತ್ತೆ ಪೇಪರಿನ ಹಿಂದೆ ಮರೆಯಾಗುತ್ತಿದ್ದರು. ಜಗಳಗಂಟಿ ಹೆಂಡತಿಗೂ ಜಡಿಮಳೆಯ ದಿನ ತೊಟ್ಟಿಕ್ಕುವ ಮಾಡಿಗೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂದು ಸತ್ಯವೇದ ಹೇಳುವ ಜಾಗ ಅದು. ಮಳೆ, ಮಾಡು, ಹೆಂಡತಿ ಮೂರೂ ಒಟ್ಟಿಗೆ ಸಿಗುವ ಇಂಥ ಅವಕಾಶ ಅಜ್ಜನಿಗೆ ಮಳೆಗಾಲದಲ್ಲಿ ಮಾತ್ರ ಒದಗುತ್ತಿತ್ತು. ಅವರು ಅದನ್ನು ವ್ಯರ್ಥ ಮಾಡಿದ್ದು ನನಗೆ ನೆನಪಿಲ್ಲ.

ಅಜ್ಜಿ ಸುಮ್ಮನಿರುವವರಲ್ಲ. "ಎಫೆಸ ಐದು, ಇಪ್ಪತ್ತೈದು" ಎನ್ನುತ್ತಿದ್ದರು ಒಲೆಯ ಕಡೆಗೇ ಮುಖ ಮಾಡಿ. "ಕ್ರಿಸ್ತನು ಸಭೆಗೋಸ್ಕರ ಪ್ರಾಣ ಕೊಟ್ಟಿದ್ದಾನೆ, ಗಂಡಂದಿರೂ ಹಾಗೇ ಇರಬೇಕಂತೆ. ನೀವು ಪ್ರಾಣವನ್ನು ಆಮೇಲೆ ಕೊಡುವಿರಂತೆ, ಮೊದಲು ಎರಡು ಹಂಚು ಬದಲಿಸಿ."

ಇದರಲ್ಲಿ ಇನ್ನೊಂದು ಚುಚ್ಚು ಇತ್ತು. ಅಜ್ಜ ಇಡೀ ಆಯುಸ್ಸು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದವರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರು ಸುವಾರ್ತೆಯ ಜತೆಗೆ ಮುದ್ರಣಾಲಯ, ಮಗ್ಗ, 1865ರಲ್ಲಿ ಹಂಚಿನ ಕಾರ್ಖಾನೆ, ಎಲ್ಲವನ್ನೂ ತಂದರು. ಊರ ತುಂಬ ಕೆಂಪು ಹಂಚು ಹೊದೆಸಿದ ಆ ದೊಡ್ಡ ಕೆಲಸದಲ್ಲಿ ಒಂದು ಕೈ ನಮ್ಮ ಅಜ್ಜನದು. ಸೋರುತ್ತಿದ್ದುದು ಮಾತ್ರ ನಮ್ಮದೇ ಮಾಡು.

ಈಗ ಯೋಚಿಸಿದರೆ ಅವರಿಬ್ಬರ ಆಸ್ತಿ ಎಂದರೆ ಅದೇ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ ವಚನಗಳು, ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಸರದಿಯ ಮೇಲೆ ಓದಿದ ಅಧ್ಯಾಯಗಳು. ಓದುವಾಗ ಯಾವುದನ್ನೂ ಹಾರಿಸುವಂತಿರಲಿಲ್ಲ. ಅರಣ್ಯಕಾಂಡದ ಜನಗಣತಿ, ಪೂರ್ವಕಾಲವೃತ್ತಾಂತದ ವಂಶಾವಳಿ, ಯಾಜಕಕಾಂಡದ ಕುಷ್ಠದ ಕಲೆಗಳ ತಪಾಸಣೆ, ಎಲ್ಲವೂ ಊಟಕ್ಕೆ ಮೊದಲೇ ಮುಗಿಯಬೇಕು. ಅನ್ನ ಆರುತ್ತಿತ್ತು, ಮೀನಿನ ಸಾರಿನ ವಾಸನೆ ಒಳಗಿನಿಂದ ಕರೆಯುತ್ತಿತ್ತು, ನಾವು ಯಾರು ಯಾರನ್ನು ಹೆತ್ತರು ಎಂದು ಓದುತ್ತಿದ್ದೆವು.

ಆ ಓದಿನ ಪ್ರಯೋಜನ ಎಲ್ಲಿ ಆಗುತ್ತಿತ್ತೆಂದರೆ, ಹೆಚ್ಚಾಗಿ ಮೀನು ಮಾರ್ಕೆಟ್ಟಿನಲ್ಲಿ. ಅಜ್ಜಿ ಬಂಗುಡೆಯ ಕಿವಿರು ಎತ್ತಿ ನೋಡಿ, ಮೂಗು ಮುರಿದು, "ಇದೆಂತ ಮೀನು, ನಿನ್ನೆಯದ್ದು" ಎಂದು ಎರಡು ಹೆಜ್ಜೆ ಹಿಂದೆ ಬಂದು, ಮಾರುವವಳು ಕೂಗಿ ಕರೆದ ಮೇಲೆ ಅರ್ಧ ಕ್ರಯಕ್ಕೆ ಕೊಂಡು, ಮನೆಗೆ ಬಂದು ಅಕ್ಕಪಕ್ಕದವರಿಗೆಲ್ಲ ಕಣ್ಣು ಅರಳಿಸಿ ಹೇಳುತ್ತಿದ್ದರು: "ಎಂಥ ಮೀನು ಸಿಕ್ಕಿತು ಗೊತ್ತುಂಟಾ! ನೋಡಿ, ಇನ್ನೂ ಹೊಳೆಯುತ್ತದೆ." ಅಜ್ಜ ಜಗಲಿಯಿಂದ, "ಜ್ಞಾನೋಕ್ತಿ ಇಪ್ಪತ್ತು, ಹದಿನಾಲ್ಕು." ತೆಗೆದು ನೋಡಿ: ಕೊಳ್ಳುವಾಗ ಸರಕನ್ನು ಹಳಿಯುವುದು, ಕೊಂಡುಹೋದ ಮೇಲೆ ಜಂಬ ಕೊಚ್ಚುವುದು, ಎರಡೂ ಅಲ್ಲಿ ಹಾಗೆಯೇ ಇವೆ. ಯೆರೂಸಲೇಮಿನ ಪೇಟೆಯಲ್ಲಿ ಬಂಗುಡೆ ಇತ್ತೋ ಇಲ್ಲವೋ, ಅಜ್ಜಿಯಂಥ ಗಿರಾಕಿಗಳಂತೂ ಇದ್ದರು.

ನಮ್ಮ ಒಬ್ಬ ಮಾವನಿಗೆ ಇಡೀ ಸತ್ಯವೇದದಲ್ಲಿ ಎರಡೇ ವಚನ ಸಾಕಾಗುತ್ತಿತ್ತು. ಒಂದು, ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು ಪೌಲ ತಿಮೊಥೆಯನಿಗೆ ಕೊಟ್ಟ ಸಲಹೆ. ಇನ್ನೊಂದು, ತೀರಾ ಹೆಚ್ಚು ನೀತಿವಂತನಾಗಲು ಹೋಗಬೇಡ ಎಂಬ ಪ್ರಸಂಗಿಯ ಏಳನೆಯ ಅಧ್ಯಾಯದ ಬುದ್ಧಿಮಾತು. ಮೊದಲನೆಯದನ್ನು ಸಂಜೆಗೆ, ಎರಡನೆಯದನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಂಡಿದ್ದರು. ಪ್ರಸಂಗಿಯ ಮರುವಚನವೇ ತೀರಾ ಹೆಚ್ಚು ದುಷ್ಟನೂ ಆಗಬೇಡ ಎನ್ನುತ್ತದೆ ಎಂದು ಅತ್ತೆ ನೆನಪಿಸಿದರೆ, "ಅಷ್ಟು ದೂರ ನಾನು ಓದಿಲ್ಲ" ಎನ್ನುತ್ತಿದ್ದರು.

ಗೋಡೆಗಳ ಮಾತು ಬೇರೆ. ಕ್ರಿಸ್ತನೇ ಈ ಮನೆಯ ಯಜಮಾನ, ಊಟಕ್ಕೆ ಕೂತಾಗ ಕಣ್ಣಿಗೆ ಕಾಣದ ಅತಿಥಿ, ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುವವನು ಎಂಬ ಅರ್ಥದ ಫಲಕವಿಲ್ಲದ ಕ್ರೈಸ್ತರ ಮನೆ ನಮ್ಮ ಕಡೆ ಅಪರೂಪ. ಸತ್ಯವೇದದಲ್ಲಿ ಅದು ಎಲ್ಲಿಯೂ ಇಲ್ಲ. ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರೂ ಸಹಾಯ ಮಾಡುತ್ತಾನೆ ಎಂಬುದೂ ಇಲ್ಲ. ಶುಚಿತ್ವ ದೈವಭಕ್ತಿಗೆ ಸಮೀಪ ಎಂಬುದೂ ಇಲ್ಲ. ಆದರೂ ನಮ್ಮ ಬಾಲ್ಯದಲ್ಲಿ ಉಗುರು ಕತ್ತರಿಸಿಕೊಳ್ಳದವರಿಗೆ ಈ ಕೊನೆಯದನ್ನು ವಚನವೆಂದೇ ಹೇಳಿ ಹೆದರಿಸಿದ್ದಾರೆ. ಎಲ್ಲಿದೆ ಎಂದು ಕೇಳಿದರೆ, "ಇದೆ, ಹುಡುಕು" ಎನ್ನುವುದು ಅಜ್ಜಿಯ ಉಪಾಯ. ಹುಡುಕುವವನು ಎರಡು ತಾಸು ಸತ್ಯವೇದ ಓದುತ್ತಿದ್ದ. ಅವರಿಗೆ ಬೇಕಾಗಿದ್ದುದೂ ಅದೇ.

ಮದುವೆಯ ಕಾಗದದಲ್ಲಿ "ದೇವರ ಚಿತ್ತವಾದರೆ" ಎಂದು ಅಚ್ಚು ಹಾಕಿಸುವ ರೂಢಿ ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯದಿಂದ ಬಂದದ್ದು. ನಾಳೆ ಇಂಥ ಪಟ್ಟಣಕ್ಕೆ ಹೋಗಿ ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎನ್ನುವವರನ್ನು ಯಾಕೋಬ ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಹಾಲ್ ಬುಕ್ ಆಗಿ, ಬಿರಿಯಾನಿಗೆ ಮುಂಗಡ ಕೊಟ್ಟು, ಚಿನ್ನ ಕೊಂಡು ಮುಗಿದ ಮೇಲೆ ದೇವರ ಚಿತ್ತಕ್ಕೆ ಉಳಿಯುವ ಜಾಗ ಕಾಗದದ ಆ ಒಂದು ಸಾಲಿನಷ್ಟೇ. ಇರಲಿ, ಅಷ್ಟಾದರೂ ಇದೆ.

ನಾನು ಹೇಳಬೇಕೆಂದಿರುವುದು ಡಿಸೆಂಬರ್ 31ರ ರಾತ್ರಿಯ ವಿಷಯ. ವರ್ಷ ತಿರುಗುವ ಹೊತ್ತಿನ ಆರಾಧನೆಯ ಕೊನೆಗೆ ತಟ್ಟೆಯಲ್ಲಿ ವಾಗ್ದಾನದ ಚೀಟಿಗಳು ಬರುತ್ತವೆ. ಒಬ್ಬೊಬ್ಬರು ಒಂದೊಂದು ಎತ್ತಬೇಕು. ಅದೇ ನಿಮ್ಮ ಆ ವರ್ಷದ ವಚನ. ಎತ್ತುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥಿಸುವವರಿದ್ದಾರೆ. ಎತ್ತಿದ ಮೇಲೆ ಪಕ್ಕದವರದ್ದನ್ನು ಇಣುಕಿ ನೋಡಿ, "ನಿಮ್ಮದು ಒಳ್ಳೆಯದು ಬಂತು" ಎಂದು ಕರುಬುವವರೂ ಇದ್ದಾರೆ. ಇದರ ಬೇರು ಹಳೆಯದು. ಜರ್ಮನಿಯ ಹೆರ್ನ್‌ಹೂಟ್ ಎಂಬ ಪುಟ್ಟ ಊರಿನಲ್ಲಿ 1728ರಲ್ಲಿ ಜಿನ್ಸೆಂಡಾರ್ಫ್ ಎಂಬ ಸಿರಿವಂತ ಭಕ್ತ ದಿನಕ್ಕೊಂದು ವಚನವನ್ನು ಮನೆಮನೆಗೆ ಕಳಿಸತೊಡಗಿದ. 1731ರಿಂದ ಅದು ವರ್ಷದ ಪುಸ್ತಕವಾಗಿ ಅಚ್ಚಾಗತೊಡಗಿತು. ಇಂದಿಗೂ ಅದರ ಹಳೆಯ ಒಡಂಬಡಿಕೆಯ ವಚನಗಳನ್ನು ಅಲ್ಲಿ ಚೀಟಿ ಎತ್ತಿಯೇ ಆರಿಸುತ್ತಾರೆ. ಅದೇ ಬಗೆಯ ಭಕ್ತಿಯಲ್ಲಿ ಬೆಳೆದವರು 1815ರಲ್ಲಿ ಬಾಸೆಲ್ ಮಿಷನ್ ಕಟ್ಟಿದರು. ಹಾಗಾಗಿ ನಮ್ಮ ಚೀಟಿಗೂ ಆ ಊರಿಗೂ ನಂಟಿದೆ ಎಂದು ನಾನು ಧಾರಾಳವಾಗಿ ನಂಬಿದ್ದೇನೆ.

ಚೀಟಿಯ ತಟ್ಟೆಯಲ್ಲಿ ಸೋರುವ ಮಾಡಿನ ವಚನ ಯಾರಿಗೂ ಬಂದದ್ದಿಲ್ಲ. ಯೋನನನ್ನು ಮೀನು ನುಂಗಿದ್ದೂ ಬರುವುದಿಲ್ಲ. ಯಾರೋ ಮೊದಲೇ ಕಲ್ಲು ಆರಿಸಿ ಅಕ್ಕಿಯನ್ನಷ್ಟೇ ಇಟ್ಟಿರುತ್ತಾರೆ. ಅದರಲ್ಲಿ ಎಲ್ಲರಿಗೂ ಬೇಕಾದದ್ದು ಯೆರೆಮೀಯ 29:11. ನಿಮಗಾಗಿ ನಾನು ಇಟ್ಟುಕೊಂಡಿರುವ ಆಲೋಚನೆಗಳು ಒಳ್ಳೆಯವೇ, ಮುಂದೆ ನಿಮಗೆ ನಿರೀಕ್ಷೆ ಇದೆ ಎಂಬ ಭರವಸೆ. ವೀಸಾಕ್ಕೆ ಕಾಯುವವರು, ನೀಟ್ ಬರೆಯುವವರು, ಮಗಳಿಗೆ ಗಂಡು ನೋಡುವವರು, ಎಲ್ಲರೂ ಅದನ್ನು ಬಯಸುತ್ತಾರೆ. ಅದರ ಹಿಂದಿನ ವಚನ, ಹತ್ತನೆಯದು, ಆ ಒಳ್ಳೆಯದು ಎಷ್ಟು ಹೊತ್ತಿಗೆ ಬರುತ್ತದೆ ಎಂದೂ ಹೇಳುತ್ತದೆ: ಎಪ್ಪತ್ತು ವರ್ಷ. ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಕಾಗದ ಅದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ. ಓದಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಎಪ್ಪತ್ತನೆಯ ವರ್ಷ ನೋಡಲು ಇರಲಾರರು. ಆದರೂ ಅದು ಭರವಸೆಯೇ. ಮರುವರ್ಷದ ಚೀಟಿ ಬರುವುದರೊಳಗೆ ಫಲ ಕೊಡುವಂಥದ್ದಲ್ಲ, ಅಷ್ಟೇ.

ಹೀಗೆ ಒಂದೊಂದೇ ವಚನವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಲು ಅನುಕೂಲ ಮಾಡಿಕೊಟ್ಟವನು ರಾಬರ್ಟ್ ಎತಿಯೆನ್ ಎಂಬ ಫ್ರೆಂಚ್ ಮುದ್ರಕ. ಇಂದು ನಾವು ಹೊಸ ಒಡಂಬಡಿಕೆಯಲ್ಲಿ ಎಣಿಸುವ ವಚನಸಂಖ್ಯೆಗಳು ಅವನು 1551ರಲ್ಲಿ ಅಚ್ಚು ಹಾಕಿದ ಪುಸ್ತಕದಿಂದ ಬಂದವು. ಪ್ಯಾರಿಸಿನಿಂದ ಲಿಯೋನಿಗೆ ಕುದುರೆಯ ಪ್ರಯಾಣದಲ್ಲಿ ಅಪ್ಪ ಆ ಕೆಲಸದ ಹೆಚ್ಚಿನ ಪಾಲು ಮುಗಿಸಿದರು ಎಂದು ಅವನ ಮಗ ಬರೆದಿಟ್ಟಿದ್ದಾನೆ. ವಾಕ್ಯ ತುಂಡಾಗಬಾರದ ಕಡೆ ತುಂಡಾಗಿದ್ದರೆ ಅಲ್ಲಿ ಕುದುರೆ ಎಡವಿತು ಎಂದು ದೇವಶಾಸ್ತ್ರ ಕಲಿಯುವವರು ನಗೆಯಾಡುತ್ತಾರೆ. ಪೌಲನಿಗೆ ತಾನು 4:13 ಬರೆಯುತ್ತಿದ್ದೇನೆ ಎಂಬ ಸುಳಿವೇ ಇರಲಿಲ್ಲ. ಅವನು ಫಿಲಿಪ್ಪಿಯವರಿಗೆ ಬರೆಯುತ್ತಿದ್ದುದು ಸೆರೆಯಿಂದ ಒಂದು ಕಾಗದ. ಹಸಿದಿರಲೂ ಉಂಡಿರಲೂ ಕಲಿತಿದ್ದೇನೆ, ಬಲಕೊಡುವವನಿಂದ ಎಲ್ಲವನ್ನೂ ತಾಳಬಲ್ಲೆ ಎಂದು. ಇಂದು ಆ ಎರಡನೆಯ ತುಂಡು ಮಾತ್ರ ಜಿಮ್ಮಿನ ಟೀ ಶರ್ಟುಗಳ ಮೇಲೆ ಭಾರ ಎತ್ತುತ್ತಿದೆ.

ಹಾಗೆ ನೋಡಿದರೆ, ವಚನವನ್ನು ಒಂಟಿಯಾಗಿ ಕಿತ್ತು ಸಂದರ್ಭಕ್ಕೆ ಅನ್ವಯಿಸುವುದರಲ್ಲಿ ಎಲ್ಲರಿಗಿಂತ ನುರಿತವನು ಸೈತಾನ. ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಹಾರು, ದೂತರು ಹಿಡಿಯುತ್ತಾರೆ ಎಂದು ತೊಂಬತ್ತೊಂದನೆಯ ಕೀರ್ತನೆಯನ್ನು ತೆಗೆದು ತೋರಿಸುತ್ತಾನೆ. ವಚನ ನಿಜವಾದದ್ದೇ. ಆ ಕೀರ್ತನೆಯಲ್ಲಿ ಅದರ ಮರುವಚನ ಸಿಂಹವನ್ನೂ ಸರ್ಪವನ್ನೂ ತುಳಿಯುವ ವಿಷಯ ಹೇಳುತ್ತದೆ. ಸೈತಾನ ಅಲ್ಲಿಗೆ ಬರುವ ಮೊದಲೇ ಓದು ನಿಲ್ಲಿಸಿದ. ನಮ್ಮ ಮಾವನೂ ಹಾಗೇ ನಿಲ್ಲಿಸುತ್ತಿದ್ದರು, ಪಾಪ, ಅವರದ್ದು ಸಣ್ಣ ಪ್ರಮಾಣದ್ದು.

ಅಜ್ಜ ತೀರಿಕೊಂಡಾಗ ಮನೆ ತುಂಬ ಜನ ಬಂದರು, ಜನರ ಬಾಯಿ ತುಂಬ ವಚನ ಬಂತು. ಎಲ್ಲವೂ ಒಳ್ಳೆಯದಕ್ಕೇ ಕೂಡಿಬರುತ್ತದೆ ಎಂಬ ರೋಮಾಪುರದವರ ಪತ್ರಿಕೆಯ ಎಂಟನೆಯ ಅಧ್ಯಾಯವಂತೂ ಬಾಗಿಲಿಗೊಬ್ಬರು ತಂದರು. ಅಜ್ಜಿ ಎಲ್ಲರಿಗೂ ತಲೆಯಾಡಿಸಿದರು. ಬಂದವರಲ್ಲಿ ಒಬ್ಬ ಮುದುಕರು, ಅಜ್ಜನ ಕಾರ್ಖಾನೆಯ ಗೆಳೆಯರು, ಜಗಲಿಯ ಬೆಂಚಿನ ತುದಿಯಲ್ಲಿ ಕೊಡೆ ಮಡಚಿಟ್ಟುಕೊಂಡು ಏನೂ ಮಾತಾಡದೆ ಮಧ್ಯಾಹ್ನವಿಡೀ ಕೂತಿದ್ದು ಎದ್ದು ಹೋದರು. ಎಲ್ಲ ಮುಗಿದ ಮೇಲೆ ಅಜ್ಜಿ ಹೇಳಿದ್ದು ಅವರೊಬ್ಬರ ವಿಷಯ.

"ಅವರಿಗೆ ಸತ್ಯವೇದ ಗೊತ್ತುಂಟು" ಎಂದರು.

ನಮಗೆ ಅರ್ಥವಾಗಲಿಲ್ಲ. "ಯೋಬ ಎರಡು, ಹದಿಮೂರು" ಎಂದು ಹೇಳಿ ಒಳಗೆ ಹೋದರು. ಯೋಬನ ಕಷ್ಟ ನೋಡಿ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಜತೆ ಕೂತರು, ಯಾರೂ ಒಂದು ಮಾತೂ ಆಡಲಿಲ್ಲ. ಆಮೇಲೆ ಬಾಯಿ ತೆರೆದರು. ಅಲ್ಲಿಂದ ಮುಂದೆ ಮೂವತ್ತಕ್ಕೂ ಹೆಚ್ಚು ಅಧ್ಯಾಯ ಆ ತಪ್ಪಿನ ಲೆಕ್ಕ. ಇಷ್ಟೊಂದು ವಚನ ಬಲ್ಲ ಅಜ್ಜಿಗೆ ಯಾವಾಗ ಯಾವುದನ್ನೂ ಹೇಳಬಾರದೆಂಬುದಕ್ಕೂ ಒಂದು ವಚನ ತಿಳಿದಿತ್ತು. ಹಿಂದಿನದು ಮುಂದಿನದು ಎಲ್ಲ ಓದಿದವರಿಗೆ ಮಾತ್ರ ಸಿಗುವ ವಚನ ಅದು. ಆ ಮಳೆಗಾಲ ಅಡುಗೆಮನೆಯ ಮಾಡು ಸೋರಿದರೂ ಅಜ್ಜಿ ಅದರ ಮಾತೆತ್ತಲಿಲ್ಲ. ಉತ್ತರ ಕೊಡುವವರು ಇರಲಿಲ್ಲವಲ್ಲ.

ಈಗ ನಮ್ಮ ಕುಟುಂಬದ ವಚನಗಳೆಲ್ಲ ವಾಟ್ಸ್ಯಾಪಿನಲ್ಲಿವೆ. ದೊಡ್ಡಮ್ಮ ಬೆಳಿಗ್ಗೆ ಐದಕ್ಕೆ ಸೂರ್ಯೋದಯ, ಪಾರಿವಾಳ, ಗುಲಾಬಿಯ ಚಿತ್ರದ ಮೇಲೆ ಒಂದು ವಚನ ಬಿಡುತ್ತಾರೆ. ಅದರ ಕೆಳಗೆ ದುಬೈ, ಪುಣೆ, ಬೆಂಗಳೂರಿನಿಂದ ಕೈಮುಗಿದ ಚಿಹ್ನೆಗಳು ಸಾಲಾಗಿ ಬೀಳುತ್ತವೆ. ಯಾರೂ ಯಾರಿಗೂ ಎದುರುವಚನ ಹೇಳುವುದಿಲ್ಲ. ಅಜ್ಜ ಇದ್ದಿದ್ದರೆ ಖಂಡಿತ ಜ್ಞಾನೋಕ್ತಿ 27:14 ಎಂದು ಉತ್ತರಿಸುತ್ತಿದ್ದರು. ಮುಂಜಾನೆಯೇ ಎದ್ದು ನೆರೆಯವನನ್ನು ದೊಡ್ಡ ದನಿಯಲ್ಲಿ ಆಶೀರ್ವದಿಸಿದರೆ ಅದು ಶಾಪವೆಂದೇ ಎಣಿಕೆಯಾಗುತ್ತದೆ ಎನ್ನುವ ವಚನ ಅದು. ಅಜ್ಜಿಯ ಸೋರುವ ಮಾಡಿಗೆ ಸರಿಯಾಗಿ ಒಂದು ವಚನ ಹಿಂದೆ. ನಾನು ಅದನ್ನು ಟೈಪ್ ಮಾಡಿ ಅಳಿಸುತ್ತೇನೆ. ದೊಡ್ಡಮ್ಮನಿಗೆ ಒಂಟಿ ಮನೆ, ಐದಕ್ಕೆ ಎಚ್ಚರವಾಗುತ್ತದೆ, ಮಾತಾಡಿಸಲು ಇನ್ಯಾರಿದ್ದಾರೆ. ಕೈಮುಗಿದ ಚಿಹ್ನೆ ಹಾಕಿ ಮಲಗುತ್ತೇನೆ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ಯೆರೆಮೀಯ 29:11 ಅಚ್ಚಾದ ಕ್ಯಾಲೆಂಡರು, ಚಹಾದ ಕಪ್ಪು, ಗೋಡೆ ಗಡಿಯಾರ ನಮ್ಮ ಮನೆಯಲ್ಲಿ ಬೇಕಾದಷ್ಟಿವೆ, ಕೇಳಿದವರಿಗೆ ಕೊಡಬಲ್ಲೆ. ಹತ್ತನೆಯ ವಚನ ಅಚ್ಚಾದದ್ದು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಕ್ರಯ ಎಷ್ಟಾದರೂ ಕೊಡುತ್ತೇನೆ. ಕೊಳ್ಳುವ ಮೊದಲು ಚೆನ್ನಾಗಿಲ್ಲ, ಹಳೆಯದು ಎಂದು ನಾಲ್ಕು ಮಾತು ಹೇಳುವುದನ್ನು ಮಾತ್ರ ಬಿಡಲಾರೆ.