ಋಣವಿಲ್ಲದ ಮರುಹುಟ್ಟು

ಅರಸೀಕೆರೆಯ ನಮ್ಮಕ್ಕನ ಮಗನಿಗೆ ಜಪಾನಿನ ಅನಿಮೆ ಎಂದರೆ ಪ್ರಾಣ. ಹೋದಾಗಲೆಲ್ಲ “ಮಾವ, ಇದೊಂದು ನೋಡು” ಎಂದು ಮೊಬೈಲು ಕೈಗಿಡುತ್ತಾನೆ. ಈ ಸಲ ತೋರಿಸಿದ್ದು ‘ಇನ್ ಅನದರ್ ವರ್ಲ್ಡ್ ವಿತ್ ಮೈ ಸ್ಮಾರ್ಟ್‌ಫೋನ್’. ಪತೋರಾ ಫುಯುಹಾರಾ ಅವರ ಕಾದಂಬರಿಮಾಲೆಯಿಂದ 2017ರಲ್ಲಿ ಬಂದ ಸರಣಿ, 12 ಕಂತು. ಸತ್ತವರು ಬೇರೆ ಲೋಕದಲ್ಲಿ ಹುಟ್ಟುವ, ಇಲ್ಲವೇ ದಿಢೀರನೆ ಅಲ್ಲಿಗೆ ಹೋಗಿ ಬೀಳುವ ಇಂಥ ಕಥೆಗಳನ್ನು ಅಲ್ಲಿ ಇಸೆಕಾಯ್ ಎನ್ನುತ್ತಾರೆ. ಪುನರ್ಜನ್ಮ ನಮ್ಮ ಮನೆಯ ವಿಷಯವೇ ಅಲ್ಲವೆ? ಆಸೆಯಿಂದ ಕೂತೆ.

ದೇವರ ಕೈತಪ್ಪಿ ಬಿದ್ದ ಸಿಡಿಲಿಗೆ ತೋಯಾ ಎಂಬ ಹುಡುಗ ಸಾಯುತ್ತಾನೆ. ಹಳೆಯ ಲೋಕಕ್ಕೆ ಮರಳಿ ಕಳಿಸಲಾರೆ, ಬೇರೆ ಲೋಕದಲ್ಲಿ ಬದುಕು, ಏನು ಬೇಕೋ ಕೇಳು ಎನ್ನುತ್ತಾನೆ ದೇವರು. ಹುಡುಗ ಕೇಳುವುದು ತನ್ನ ಮೊಬೈಲು ಅಲ್ಲಿಯೂ ನಡೆಯಲಿ ಎಂದು. ಶುರು ಚೆನ್ನಾಗಿದೆ. ಆಮೇಲೆ ಎಲ್ಲ ಮಾಯಾವಿದ್ಯೆಯೂ ಅವನಿಗೆ ತಾನಾಗಿ ಒಲಿಯುತ್ತದೆ. ವಿಷವೇರಿದ ದೊರೆ ಅವನ ಒಂದು ಮಂತ್ರಕ್ಕೆ ಎದ್ದು ಕೂರುತ್ತಾನೆ, ದೊರೆಯ ಮಗಳು ಮದುವೆಯಾದರೆ ಇವನನ್ನೇ ಎನ್ನುತ್ತಾಳೆ. ಬಿಟ್ಟುಬಂದ ಮನೆ, ಹೆತ್ತವರು, ತನ್ನದೇ ಸಾವು, ಯಾವುದೂ ಅವನನ್ನು ಕಾಡುವುದಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಸಾವನ್ನು ದಾಟಿ ಬಂದವನ ಮುಖದಲ್ಲಿ ಅದರ ಗುರುತೇ ಇಲ್ಲದಿದ್ದರೆ ಸಾಯಿಸಿದ್ದಾದರೂ ಏಕೆ?

ಮಾರನೆಯ ದಿನ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಅವನಿಗೆ ಜನ್ನನ ಕಥೆ ಹೇಳಿದೆ. ಹಳೇಬೀಡು ದೋರಸಮುದ್ರವಾಗಿದ್ದ ಕಾಲ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಯಶೋಧರ ರಾಜ ತಾಯಿಯ ಒತ್ತಾಯಕ್ಕೆ ದೇವಿಗೆ ಕೋಳಿ ಬಲಿ ಕೊಡಬೇಕು. ಹಿಂಸೆ ಬೇಡವೆಂದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕಡಿದದ್ದು ಹಿಟ್ಟು, ಆದರೆ ಮನಸ್ಸಿನಲ್ಲಿ ಕೊಂದದ್ದು ಕೋಳಿ. ಮುಂದೆ ಹೆಂಡತಿ ಅಮೃತಮತಿ ಇಟ್ಟ ವಿಷಕ್ಕೆ ತಾಯಿ ಮಗ ಇಬ್ಬರೂ ಸತ್ತು, ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ತಮ್ಮದೇ ಅರಮನೆಗೆ ಬರುತ್ತಾರೆ. ಆ ನಾಯಿಯೇ ನವಿಲನ್ನು ಕೊಲ್ಲುತ್ತದೆ.

“ಅವನಿಗೆ ಪವರ್ ಏನೂ ಸಿಗಲ್ವಾ?” ಎಂದ ಹುಡುಗ.

“ನೆನಪು ಸಿಗುತ್ತೆ ಕಣೋ” ಎಂದೆ.

ಜನ್ಮಗಳನ್ನು ದಾಟಿ ಇಬ್ಬರೂ ಕೊನೆಗೆ ನಿಜವಾದ ಕೋಳಿಗಳಾಗುತ್ತಾರೆ. ಮುನಿಯ ಮಾತು ಕಿವಿಗೆ ಬಿದ್ದು ಹಿಂದಿನದೆಲ್ಲ ನೆನಪಾಗಿ ಹರ್ಷದಿಂದ ಕೂಗುತ್ತಾರೆ. ಆ ದನಿಗೇ ಗುರಿಯಿಟ್ಟು ಬಾಣ ಬಿಡುವವನು ಯಶೋಧರನ ಸ್ವಂತ ಮಗ ಯಶೋಮತಿ. ಸತ್ತವರು ಅವನಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಹುಡುಗ ಜಾವಗಲ್ ಬಂದದ್ದನ್ನೂ ಗಮನಿಸಲಿಲ್ಲ.

ಹಳೇಬೀಡಿನಲ್ಲಿ ಜನವೆಲ್ಲ ಹೊಯ್ಸಳೇಶ್ವರಕ್ಕೆ ನುಗ್ಗುತ್ತದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ 1133ರ ಪಾರ್ಶ್ವನಾಥ ಬಸದಿ. ತಂದೆ ಗಂಗರಾಜನ ನೆನಪಿಗೆ ಬೊಪ್ಪದೇವ ಕಟ್ಟಿಸಿದ್ದು. ಕಡೆದ ಕಂಬಗಳ ನುಣುಪಿನಲ್ಲಿ ನಮ್ಮ ನೆರಳು ಮೂಡುತ್ತದೆ. ಒಳಗೆ ಕರಿಯ ಕಲ್ಲಿನ ಪಾರ್ಶ್ವನಾಥ, ತಲೆಯ ಮೇಲೆ ಹೆಡೆಯೆತ್ತಿದ ಸರ್ಪ. ಉರಿಯುವ ಕೊರಡಿನೊಳಗೆ ಬೇಯುತ್ತಿದ್ದ ಹಾವಿಗೆ ಪಾರ್ಶ್ವ ಕೊನೆಗಳಿಗೆಯಲ್ಲಿ ಮಂತ್ರ ಹೇಳಿದ್ದ. ಅದು ಧರಣೇಂದ್ರನಾಗಿ ಹುಟ್ಟಿ, ಜನ್ಮಜನ್ಮದ ವೈರಿ ಕಮಠ ಮಳೆ ಸುರಿಸಿದಾಗ ಹೆಡೆ ಬಿಚ್ಚಿ ಕಾಯಿತು. ದ್ವೇಷವೂ ಉಪಕಾರವೂ ಸಾವಿಗೆ ಮುಗಿಯಲಿಲ್ಲ.

ಅಲ್ಲಿಂದ 16 ಕಿಲೋಮೀಟರ್ ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಬಾಗಿಲಿಗೆ ಜಯ ವಿಜಯರು ನಿಂತಿದ್ದಾರೆ. ಶಾಪ ಹೊತ್ತು ಮೂರು ಜನ್ಮ ದೇವರ ವೈರಿಗಳಾಗಿ ಹುಟ್ಟಿದವರು. ಅದೇ ಗುಡಿಯ ಕಲ್ಲಿನಲ್ಲಿ ನರಸಿಂಹನ ತೊಡೆಯ ಮೇಲೆ ಹೊಟ್ಟೆ ಬಗೆಸಿಕೊಳ್ಳುವ ಹಿರಣ್ಯಕಶಿಪು ಅವರಲ್ಲೊಬ್ಬ. ಹಳೇಬೀಡಿನ ಗೋಡೆಯಲ್ಲಿ ಕೈಲಾಸ ಎತ್ತುವ ರಾವಣನೂ ಅವರಲ್ಲೊಬ್ಬ. ಈ ನಂಟನ್ನು ಹೇಳಿದಾಗ ಹುಡುಗ ಮತ್ತೆ ಒಳಗೆ ಹೋಗಿ ದ್ವಾರಪಾಲಕರ ಮುಖ ನೋಡಿ ಬಂದ.

ಹಿಂದಿನ ಜನ್ಮ ಹೀಗೆ ಬೆನ್ನಟ್ಟಿ ಬರುವುದು ಜಪಾನಿನವರಿಗೆ ಗೊತ್ತಿಲ್ಲ ಎನ್ನಲಾರೆ. 2021ರ ಅನಿಮೆ ‘ಮುಶೋಕು ತೆನ್ಸೆಯ್’ನಲ್ಲಿ 34 ವರ್ಷದ ನಿರುದ್ಯೋಗಿ ಲಾರಿಗೆ ಸಿಕ್ಕಿ ಸತ್ತು ಇನ್ನೊಂದು ಲೋಕದಲ್ಲಿ ಮಗುವಾಗಿ ಹುಟ್ಟುತ್ತಾನೆ. ಹಿಂದಿನ ಜನ್ಮದ ಅವಮಾನದಿಂದಾಗಿ ಮನೆಯ ಗೇಟು ದಾಟಲೂ ಹೆದರುತ್ತಾನೆ. ಪಾಠ ಹೇಳುವ ರಾಕ್ಸಿ ಕುದುರೆಯ ಮೇಲೆ ಕೂರಿಸಿಕೊಂಡು ಹೊರಗೆ ಕರೆದೊಯ್ಯಬೇಕಾಗುತ್ತದೆ. ಆ ಭಯ ಇರುವುದರಿಂದಲೇ ಅವನ ಮರುಹುಟ್ಟನ್ನು ನಂಬುತ್ತೇವೆ.

ಹಿಂದಿನ ಜನ್ಮದ ಬಾಕಿ ಜೊತೆಗೆ ಬಂದರೆ ಮಾತ್ರ ಪುನರ್ಜನ್ಮ ಕಥೆಯಾಗುತ್ತದೆ, ಬರದಿದ್ದರೆ ಅದು ಬರೀ ಊರು ಬದಲಾವಣೆ. ಮಕ್ಕಳು ಅನಿಮೆ ನೋಡಲಿ, ಬೇಡವೆನ್ನಬೇಡಿ. ಜೊತೆಗೆ ಜನ್ನನ ಕಥೆಯನ್ನೂ ಹೇಳಿ. ಗಿರೀಶ ಕಾರ್ನಾಡರು ಅದನ್ನು ‘ಹಿಟ್ಟಿನ ಹುಂಜ’ವಾಗಿ ರಂಗಕ್ಕೆ ತಂದರು. ಚಿತ್ರ ಬರೆಯಬಲ್ಲ, ಅನಿಮೇಷನ್ ಕಲಿತ ಕನ್ನಡದ ಹುಡುಗ ಹುಡುಗಿಯರು ಇನ್ನು ಆ ನವಿಲನ್ನೂ ನಾಯಿಯನ್ನೂ ತೆರೆಗೆ ತರಬೇಕು.